ಮುಗಿಯದ ಆಟಕ್ಕೆ ಮುಂಗಡ ಹಣ: ಆದ್ಯತೆ ಯಾರದು?

ದೇವನಹಳ್ಳಿಯಲ್ಲಿ ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಹಣ ಕಟ್ಟಿದವರಿಗೆ 2016ರ ರೇರಾ ಕಾಯ್ದೆಯ ಆಸರೆಯಿದೆ. ಖರೀದಿದಾರರ ಹಣದ ಶೇ 70 ಭಾಗವನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ವ್ಯಯಿಸಬೇಕು. ಸಿದ್ಧವಾಗದ ವಿಡಿಯೊ ಗೇಮ್‌ಗೆ ಹಣ ತೆತ್ತವರಿಗೆ ಅಂಥ ಆಸರೆಯಿಲ್ಲ.

'ಸ್ಟಾರ್ ಸಿಟಿಜನ್' ಇದಕ್ಕೆ ನಿದರ್ಶನ. ಕ್ರಿಸ್ ರಾಬರ್ಟ್ಸ್ 2012ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಆರಂಭಿಸಿದ ಈ ಬಾಹ್ಯಾಕಾಶ ಆಟ 2014ಕ್ಕೆ ಸಿದ್ಧವಾಗಬೇಕಿತ್ತು. ಸಂಗ್ರಹ 2022ರಲ್ಲೇ 50 ಕೋಟಿ ಡಾಲರ್ ದಾಟಿತು. ಆಟ 2025ರಲ್ಲೂ ಪರೀಕ್ಷಾ ಹಂತದಲ್ಲೇ ಇತ್ತು.

ಮೊದಲು ದೋಷಗಳನ್ನು ಸರಿಪಡಿಸಿ ಎಂಬುದು ನಿತ್ಯ ಆಡುವವರ ಆಗ್ರಹ. ಭರವಸೆಯಿತ್ತ ಹೊಸ ಲೋಕಗಳು ಬರಲಿ ಎನ್ನುತ್ತದೆ ಇನ್ನೊಂದು ಗುಂಪು. ಒಬ್ಬರೇ ಆಡುವ 'ಸ್ಕ್ವಾಡ್ರನ್ 42' ಮುಗಿಯಲಿ ಎಂಬುದು ಮತ್ತೊಂದರ ಒತ್ತಾಯ. ಆದರೆ ಕಂಪನಿಗೆ ಆದಾಯ ತರುವುದು ಹೊಸ ನೌಕೆಗಳ ಮಾರಾಟ.

ಹಣ ಮೊದಲೇ ಸಂದಿರುವಾಗ ಆಟಗಾರರಿಗೆ ಉಳಿಯುವುದು ಚರ್ಚೆಯಷ್ಟೇ, ತೀರ್ಮಾನ ಕಂಪನಿಯದು.