ಹುಡುಕಾಟದ ಆಟ ಮತ್ತು ಮೂರು ಗುಂಟೆ ನೆಲ

ರಜೆಯ ಬೆಳಿಗ್ಗೆ ನಾಲ್ಕಾರು ಗೆಳೆಯರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಅವಸರವಿಲ್ಲ. ಕೈಯಲ್ಲಿನ ಮೊಬೈಲು ಒಂದು ಅಕ್ಷಾಂಶ-ರೇಖಾಂಶವನ್ನು ತೋರಿಸುತ್ತದೆ; ಅದರ ಆಸುಪಾಸಿನಲ್ಲಿ ಯಾರೋ ಒಂದು ಡಬ್ಬಿಯನ್ನು ಅಡಗಿಸಿಟ್ಟಿರುತ್ತಾರೆ. ಸಿಕ್ಕರೆ ಅದರೊಳಗಿನ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಮುಂದಿನದನ್ನು ಅರಸುತ್ತಾರೆ. ಸಿಗದಿದ್ದರೂ ನಷ್ಟವಿಲ್ಲ, ತಮ್ಮದೇ ಊರಿನ ಕೆರೆಯ ಏರಿಯನ್ನು, ಹಳೆಯ ಕಾಲುಸಂಕವನ್ನು ಮೊದಲ ಸಲ ಕಣ್ಣಿಟ್ಟು ನೋಡಿದ ಲಾಭವಂತೂ ಇದೆ. ಈ ಆಟದ ಹೆಸರು ಜಿಯೋಕ್ಯಾಶಿಂಗ್.

ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಸರ್ಕಾರ ಜಿ.ಪಿ.ಎಸ್. ಉಪಗ್ರಹಗಳ ನಾಗರಿಕ ಸಂಕೇತಗಳಲ್ಲಿ ಬೇಕೆಂದೇ ದೋಷವನ್ನು ಬೆರೆಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅಡಗಿಸಿ ಅದರ ಸ್ಥಾನವನ್ನು ಪ್ರಕಟಿಸಿದ. ಇದಕ್ಕೊಬ್ಬ ಹಿರಿಯಣ್ಣನೂ ಉಂಟು: ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ನಡೆದು ಬಂದವರು ತಮ್ಮ ಹೆಸರಿನ ಚೀಟಿ ಹಾಕಲೆಂದು ಒಂದು ಬಾಟಲಿಯನ್ನಿಟ್ಟಿದ್ದ. ಇಂದು ಜಗತ್ತಿನಾದ್ಯಂತ ಜಿಯೋಕ್ಯಾಶಿಂಗ್ ತಾಣಗಳು 30 ಲಕ್ಷವನ್ನು ದಾಟಿವೆ.

ಜೀಪು, ಧ್ವನಿವರ್ಧಕ, ರೆಸಾರ್ಟುಗಳ ಪ್ರವಾಸಕ್ಕಿಂತ ಕಾಲ್ನಡಿಗೆಯ ಈ ವಿನೋದ ಎಷ್ಟೋ ಮೇಲು. ಆದರೆ ಘಟ್ಟದ ಕಾಡಿನೊಳಗೆ ಇದನ್ನು ಸ್ವಾಗತಿಸುವ ಮೊದಲು ಒಂದು ಲೆಕ್ಕವನ್ನು ಮಾಡಬೇಕು. ಮೊಬೈಲು ಬಯಲಿನಲ್ಲಿ ತೋರುವ ನಿಖರತೆಯನ್ನು ದಟ್ಟ ಮರಗಳ ಕೆಳಗೆ, ಕಣಿವೆಯಲ್ಲಿ ತೋರದು. ಹತ್ತು ಮೀಟರಿನ ತಪ್ಪು ಎಂದರೆ ಹುಡುಕಬೇಕಾದ ನೆಲ 314 ಚದರ ಮೀಟರು, ಅಂದರೆ ಸುಮಾರು ಮೂರು ಗುಂಟೆ. ಒಂದು ಡಬ್ಬಿಗಾಗಿ ಬಂದ ಪ್ರತಿಯೊಂದು ತಂಡವೂ ಈ ಮೂರು ಗುಂಟೆಯ ಕಲ್ಲುಗಳನ್ನೆತ್ತಿ, ಪೊಟರೆಗಳಲ್ಲಿ ಕೈಯಾಡಿಸಿ, ತರಗೆಲೆಯನ್ನು ಕೆದಕುತ್ತದೆ. ಆ ಕಲ್ಲಿನಡಿಯಲ್ಲೇ ಕಪ್ಪೆ, ಚೇಳು, ಕಾಲಿಲ್ಲದ ಉಭಯವಾಸಿಗಳು ವಾಸಿಸುತ್ತವೆ. ಮಳೆಯ ಹೊಡೆತವನ್ನು ತಡೆದು ನೀರನ್ನು ಇಂಗಿಸುವುದು ಆ ತರಗೆಲೆಯ ಹೊದಿಕೆಯೇ. ತುಳಿತಕ್ಕೆ ಬಿಗಿಯಾದ ಮಣ್ಣು ನೀರನ್ನು ಕುಡಿಯದೆ ಹರಿಯಬಿಡುತ್ತದೆ. ಇದನ್ನು ತೋಟದವರಿಗೆ ವಿವರಿಸಬೇಕಾಗಿಲ್ಲ.

ಬೂಟಿಗೆ ಅಂಟಿದ ಮಣ್ಣೂ ಪಯಣಿಸುತ್ತದೆ. ಅಡಿಕೆಯ ಕೊಳೆರೋಗಕ್ಕೂ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಫೈಟಾಫ್ಥೊರಾ ಕುಲದ ಜೀವಿಗಳೇ ಕಾರಣ. ಬಳ್ಳಿಯನ್ನು ಕೊಲ್ಲುವ ರೋಗಾಣು ಹಸಿಮಣ್ಣಿನೊಡನೆ ತೋಟದಿಂದ ತೋಟಕ್ಕೆ ಸಾಗಬಲ್ಲದು. ಈ ಆಟದ ತವರಾದ ಆರಿಗನ್ನಿನಲ್ಲಿಯೇ ಅದೇ ಕುಲದ ಇನ್ನೊಂದು ಪ್ರಭೇದ ಕಾಡುಮರಗಳನ್ನು ಸಾಯಿಸುತ್ತಿರುವುದು 2001ರಲ್ಲಿ ಪತ್ತೆಯಾಯಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಾರಣಿಗರು ಬೂಟಿನ ಮಣ್ಣನ್ನು ಉಜ್ಜಿಕೊಳ್ಳಲೆಂದೇ ಕಾಡಿನ ದಾರಿಗಳ ಆರಂಭದಲ್ಲಿ ವ್ಯವಸ್ಥೆ ಮಾಡಿದ್ದಾರೆ. ಮಲೆನಾಡಿನ ಯಾವ ಚಾರಣದ ಬಾಗಿಲಲ್ಲಿ ಇಂತಹ ಎಚ್ಚರ ಕಾಣುತ್ತದೆ?

ನೆಲದ ನೆನಪನ್ನೂ ಮರೆಯಬಾರದು. ನಿಧಿಯಾಸೆಗೆ ವೀರಗಲ್ಲು, ಮಾಸ್ತಿಕಲ್ಲುಗಳ ಬುಡವನ್ನು ಅಗೆದ ಗಾಯಗಳು ಈ ಸೀಮೆಯಲ್ಲಿವೆ. ಅಪರಿಚಿತರು ಹಳೆಯ ಗುಡಿಯ ಸುತ್ತ ಕಲ್ಲನ್ನು ಸರಿಸುತ್ತಿದ್ದರೆ ಊರವರು ಸಂಶಯಪಡುವುದು ಸಹಜ.

ಆಟದ ನಿಯಮಗಳು ಬೇಜವಾಬ್ದಾರಿಯವೆಂದು ಹೇಳಲಾಗದು. ಡಬ್ಬಿಗಾಗಿ ನೆಲವನ್ನು ಅಗೆಯಕೂಡದು, ಜಾಗದ ಒಡೆಯರ ಅನುಮತಿ ಬೇಕು, ಆಹಾರವನ್ನು ಇಡಕೂಡದು, ಎರಡು ಡಬ್ಬಿಗಳ ನಡುವೆ 161 ಮೀಟರು ಅಂತರವಿರಬೇಕು. ಹುಡುಕುತ್ತಾ ಹೋದವರು ದಾರಿಯ ಕಸವನ್ನು ಹೊತ್ತು ತರುವ ಕಾರ್ಯಕ್ರಮ 2002ರಿಂದ ನಡೆದಿದೆ. ಎಲ್ಲಕ್ಕಿಂತ ಸ್ವಾಗತಾರ್ಹವಾದುದು ಅಮೆರಿಕದ ಭೂವೈಜ್ಞಾನಿಕ ಸಂಘದ ಸಹಯೋಗದಿಂದ 2004ರಲ್ಲಿ ಆರಂಭವಾದ ಅರ್ಥ್‌ಕ್ಯಾಶ್. ಇಲ್ಲಿ ಡಬ್ಬಿಯೇ ಇಲ್ಲ. ಹೋದವರು ನೆಲದ ರಚನೆಯನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕು, ಅಷ್ಟೆ.

ಮಲೆನಾಡಿಗೆ ಒಪ್ಪುವುದು ಈ ಮಾದರಿ. ಶೋಲಾ, ದೇವರಕಾಡು, ರಾಮಪತ್ರೆ ಜಡ್ಡಿಗಳಲ್ಲಿ ಯಾವ ಡಬ್ಬಿಯೂ ಬೇಡ; ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದ ಪ್ರವೇಶವೇ 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಡಬ್ಬಿಯ ಮೋಜು ಬೇಕೆಂದರೆ ಈಗಾಗಲೇ ಜನ ತುಳಿದ ಜಾಗಗಳಿವೆ: ಶಾಲೆಯ ಅಂಗಳ, ಅಶ್ವತ್ಥಕಟ್ಟೆ, ಸಂತೆಮಾಳ. ಉಳಿದೆಡೆ ಡಬ್ಬಿಯ ಬದಲು ಪ್ರಶ್ನೆ ಇರಲಿ. ಯಾಣದ ಕರಿಬಂಡೆ ಯಾವ ಜಾತಿಯ ಶಿಲೆ? ಊರ ವೀರಗಲ್ಲಿನಲ್ಲಿ ಎಷ್ಟು ಪಟ್ಟಿಕೆಗಳಿವೆ? ಈ ಹಳ್ಳದಲ್ಲಿ ಬೇಸಿಗೆಯ ಯಾವ ತಿಂಗಳವರೆಗೆ ನೀರಿರುತ್ತದೆ? ಕೊನೆಯ ಪ್ರಶ್ನೆಗೆ ಯಾವ ಉಪಗ್ರಹವೂ ಉತ್ತರಿಸದು. ಹಳ್ಳದಂಚಿನ ಮನೆಯ ಜಗಲಿಯಲ್ಲಿ ಕುಳಿತು ಹಿರಿಯರನ್ನೇ ಕೇಳಬೇಕು.

ಶಾಲೆಗಳ ಪರಿಸರ ಸಂಘಗಳು ಈ ಬೇಸಿಗೆಯಲ್ಲಿ ತಮ್ಮ ತಮ್ಮ ಊರಿನ ಇಂತಹ ಹತ್ತು ಪ್ರಶ್ನೆಗಳನ್ನು ಸಿದ್ಧಪಡಿಸಲಿ. ಗೆಳೆಯರ ದಂಡು ಬುತ್ತಿ ಕಟ್ಟಿಕೊಂಡು ಧಾರಾಳವಾಗಿ ಬರಲಿ. ಬರುವ ಮೊದಲು ಬೂಟನ್ನು ಉಜ್ಜಿಕೊಳ್ಳಲಿ, ಎತ್ತಬೇಕೆನಿಸಿದ ಕಲ್ಲನ್ನು ಇದ್ದಲ್ಲಿಯೇ ಬಿಡಲಿ.