ಕೊನೆಯ ಅಸ್ತ್ರಕ್ಕೆ ಇನ್ನೆಷ್ಟು ಹೆಣ ಬೀಳಬೇಕು?

ಯುದ್ಧ ಕೊನೆಯ ಅಸ್ತ್ರವಾಗಬೇಕು ಎನ್ನುವ ಬೋಧನೆ ಕೇಳಿ ಕೇಳಿ ಸಾಕಾಗಿದೆ. 2025ರ ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದ ವಾರದೊಳಗೇ ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಯುದ್ಧದ ಅಗತ್ಯವಿಲ್ಲ, ಭದ್ರತೆ ಬಿಗಿ ಮಾಡಿ ಎಂದರು. ಗದ್ದಲ ಎದ್ದ ಮೇಲೆ, ಯುದ್ಧ ಕೊನೆಯ ಆಯ್ಕೆಯಾಗಬೇಕು ಎಂಬ ವಿವರಣೆ ಬಂತು. ಅದೇ ವಾರ ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ಆ ದಾಳಿಯಲ್ಲಿ ಸತ್ತವರ ಚಿತೆಗಳು ಉರಿದಿದ್ದವು. ಕೊನೆಯದಕ್ಕೂ ಮೊದಲಿನ ಅಸ್ತ್ರಗಳು ಯಾವುವು, ಅವನ್ನು ಎಷ್ಟು ವರ್ಷ ಪ್ರಯೋಗಿಸಿ ನೋಡಿದ್ದೇವೆ ಎಂಬುದನ್ನು ಮಾತ್ರ ಈ ಸಂಯಮವಾದಿಗಳು ಹೇಳುವುದಿಲ್ಲ.

ಒಬ್ಬನ ಕಥೆ ಸಾಕು. 1999ರ ಡಿಸೆಂಬರ್ 31ರಂದು ಕಂದಹಾರ್‌ನಲ್ಲಿ, ಅಪಹೃತ ವಿಮಾನದ ಪ್ರಯಾಣಿಕರನ್ನು ಉಳಿಸಿಕೊಳ್ಳಲು ಉಗ್ರ ಮಸೂದ್ ಅಜರ್‌ನನ್ನು ಬಿಟ್ಟುಕೊಟ್ಟೆವು. ಮರುವರ್ಷವೇ ಅವನು ಪಾಕಿಸ್ತಾನದಲ್ಲಿ ಜೈಷ್-ಎ-ಮೊಹಮ್ಮದ್ ಎಂಬ ಉಗ್ರ ಸಂಘಟನೆ ಕಟ್ಟಿದ. 2001ರ ಡಿಸೆಂಬರ್ 13ರಂದು ನಮ್ಮ ಸಂಸತ್ತಿನ ಮೇಲೆ ದಾಳಿಯಾಯಿತು. ಸೇನೆಯನ್ನು ತಿಂಗಳುಗಟ್ಟಲೆ ಗಡಿಯಲ್ಲಿ ನಿಲ್ಲಿಸಿ, ಗಡಿ ದಾಟಿಸದೆ ವಾಪಸ್ ಕರೆಸಿಕೊಂಡೆವು. 2002ರಲ್ಲಿ ಪಾಕಿಸ್ತಾನ ಜೈಷ್ ಅನ್ನು ನಿಷೇಧಿಸಿತು, ಕಾಗದದ ಮೇಲೆ. 2016ರಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದಾಗ ಪಾಕಿಸ್ತಾನದ ತನಿಖಾ ತಂಡವನ್ನೇ ಕರೆಸಿ ಸಾಕ್ಷ್ಯ ತೋರಿಸಿದೆವು. ವಿಶ್ವಸಂಸ್ಥೆಯ ಬಾಗಿಲು ತಟ್ಟಿದಾಗಲೆಲ್ಲ ಚೀನಾ ಅಡ್ಡ ಬಂತು. ಅಜರ್ ಜಾಗತಿಕ ಭಯೋತ್ಪಾದಕನೆಂದು ಕೊನೆಗೂ ಘೋಷಣೆಯಾದದ್ದು 2019ರ ಮೇ 1ರಂದು. ಅಷ್ಟರಲ್ಲಿ ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಸತ್ತಿದ್ದರು, ನಮ್ಮ ವಿಮಾನಗಳು ಪಾಕಿಸ್ತಾನದ ಬಾಲಾಕೋಟ್‌ಗೆ ಹೋಗಿ ಬಂದಿದ್ದವು.

ಮನವಿ, ಸಾಕ್ಷ್ಯ, ಮಾತುಕತೆ, ವಿಶ್ವಸಂಸ್ಥೆ ಎಲ್ಲವನ್ನೂ ನೋಡಿಯಾಯಿತು. ಇಪ್ಪತ್ತೈದು ವರ್ಷ ಆ ಮನುಷ್ಯನ ಕೂದಲೂ ಕೊಂಕಲಿಲ್ಲ. ಕೊನೆಗೆ ಪಹಲ್ಗಾಮ್‌ಗೆ ಉತ್ತರವಾಗಿ 2025ರ ಮೇ 7ರ ಬೆಳಗಿನ ಜಾವ ಭಾರತ ಹೊಡೆದ ಒಂಬತ್ತು ತಾಣಗಳಲ್ಲಿ ಬಹಾವಲ್‌ಪುರದ ಜೈಷ್ ಕೇಂದ್ರವೂ ಇತ್ತು. ತನ್ನ ಕುಟುಂಬದ ಹತ್ತು ಮಂದಿ ಅಲ್ಲಿ ಸತ್ತರೆಂದು ಅವನ ಹೆಸರಿನಲ್ಲೇ ಹೇಳಿಕೆ ಬಂತು. ನಮ್ಮಲ್ಲಿ ಉಗ್ರರಿಲ್ಲ ಎನ್ನುವ ದೇಶದಿಂದ ಬಂದ ಹೇಳಿಕೆ ಅದು.

ಪಾಕಿಸ್ತಾನದ ಸಾರ್ವಭೌಮತ್ವದ ಮಾತೆತ್ತುವವರು ಒಮ್ಮೆ ಅದರ ಪಶ್ಚಿಮ ಗಡಿಯತ್ತ ನೋಡಲಿ. ತೆಹ್ರೀಕ್-ಎ-ತಾಲಿಬಾನ್ ಉಗ್ರರು ಅಡಗಿದ್ದಾರೆಂದು 2024ರ ಡಿಸೆಂಬರ್‌ನಲ್ಲಿ ಆ ದೇಶ ಅಫ್ಗಾನಿಸ್ತಾನದ ಪಕ್ತಿಕಾ ಪ್ರಾಂತ್ಯದ ಮೇಲೆ ಬಾಂಬ್ ಹಾಕಿತು. ಸತ್ತ 46 ಮಂದಿಯಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು ಎಂದು ಅಲ್ಲಿನ ತಾಲಿಬಾನ್ ಸರ್ಕಾರ ಹೇಳಿತು. ನೆರೆಮನೆಯ ಉಗ್ರನನ್ನು ಹೊಡೆಯುವ ಹಕ್ಕು ಪಾಕಿಸ್ತಾನಕ್ಕುಂಟು, ಭಾರತಕ್ಕಿಲ್ಲ ಎನ್ನುವುದು ಯಾವ ನ್ಯಾಯ?

ಪಾಕಿಸ್ತಾನದ ಅಣುಬಾಂಬಿನ ಹೆದರಿಕೆ ಬೇರೆ. ಅದಕ್ಕೆ ಮಣಿದು ಕೂತರೆ ಅಣುಬಾಂಬ್ ಇರುವ ಯಾವ ದೇಶವಾದರೂ ಉಗ್ರರನ್ನು ಸಾಕಬಹುದು, ಅಷ್ಟೇ.

ಹಾಗೆಂದು ಟಿ.ವಿ. ಸ್ಟುಡಿಯೋದಲ್ಲಿ ಕೂತು ಯುದ್ಧ ಮಾಡಿದವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಕರಾಚಿ ಬಂದರು ನಾಶವಾಯಿತೆಂದು ರಾತ್ರಿಯಿಡೀ ಸುಳ್ಳು ಅರಚಿದ ನಿರೂಪಕರಿಗೆ ಗಡಿಯ ಪೂಂಚ್ ಎಂಬ ಊರು ಕಣ್ಣಿಗೆ ಬಿದ್ದಿರಲಿಲ್ಲ. ಪಾಕಿಸ್ತಾನದ ಶೆಲ್‌ಗಳಿಗೆ ಆ ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಮಕ್ಕಳಿದ್ದರು. ಓಡಿಹೋಗಿ ಅಡಗಲು ಬಂಕರ್ ಇರಲಿಲ್ಲ ಎಂದು ಊರಿನವರು ಅತ್ತರು. ಹೊಡೆಯುವ ನಿರ್ಧಾರ ಮಾಡಿದ ಸರ್ಕಾರಕ್ಕೆ ತಿರುಗೇಟು ಬೀಳುವ ಊರು ಯಾವುದೆಂದು ಗೊತ್ತಿರಲಿಲ್ಲವೇ? ಪ್ರವಾಸಿಗರು ಕಿಕ್ಕಿರಿಯುತ್ತಿದ್ದ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ, ದಾಳಿ ನಡೆದ ಏಪ್ರಿಲ್ 22ರಂದು ಭದ್ರತಾ ಸಿಬ್ಬಂದಿ ಏಕಿರಲಿಲ್ಲ? ಇದನ್ನು ಕೇಳಿದವರಿಗೆ ದೇಶದ್ರೋಹಿ ಪಟ್ಟ ಕಟ್ಟುವುದು ಹೇಡಿತನ. ಗಡಿಯಾಚೆ ತೋರಿದ ಧೈರ್ಯವನ್ನು ದೆಹಲಿ ಇಲ್ಲಿ ಉತ್ತರ ಹೇಳುವುದರಲ್ಲೂ ತೋರಬೇಕು.

ಬಹಾವಲ್‌ಪುರದಲ್ಲಿ ಶಿಬಿರ ಮತ್ತೆ ಎದ್ದರೆ ಮತ್ತೆ ಹೊಡೆಯಬೇಕು, ನನಗದರಲ್ಲಿ ಅನುಮಾನವಿಲ್ಲ. ಅದಕ್ಕೂ ಮೊದಲು ಪೂಂಚ್, ರಜೌರಿ, ಉರಿಯ ಜನರಿಗೆ ಬಂಕರ್ ಕಟ್ಟಿಕೊಡಬೇಕು. ಯುದ್ಧ ಬೇಕು ಎನ್ನುವವರಾಗಲಿ ಬೇಡ ಎನ್ನುವವರಾಗಲಿ, ನಿಮ್ಮ ಸಂಸದರು ಊರಿಗೆ ಬಂದಾಗ ಆ ಬಂಕರ್‌ಗಳೆಲ್ಲಿ ಎಂಬ ಈ ಒಂದನ್ನು ಕೇಳಿ.