ಬಾಡಿಗೆ ಮನೆಯ ಬಾಗಿಲಲ್ಲಿ ಕಾಯಕಜೀವಿ

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ತುಮಕೂರು ವಿದ್ಯಾರ್ಥಿಗಳ ಊರೆಂದು ಹೆಸರಾದುದು. ಇಂದು ಅದು ದುಡಿಮೆಗಾರರ ಊರೂ ಹೌದು. ಅಂತರಸನಹಳ್ಳಿ, ಹಿರೇಹಳ್ಳಿಗಳ ಕೈಗಾರಿಕಾ ಪ್ರದೇಶಗಳ ಜೊತೆಗೆ ವಸಂತನರಸಾಪುರವೂ ಬೆಳೆದಿದೆ; ಅಲ್ಲಿಯ ಆಹಾರ ಪಾರ್ಕು 2014ರಲ್ಲಿ ಉದ್ಘಾಟನೆಗೊಂಡಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಆರಂಭವಾಯಿತು. ಕುಣಿಗಲ್ಲಿನ ಮೂಲಕ ಬೆಂಗಳೂರು–ಹಾಸನ ರೈಲು 2017ರಿಂದ ಓಡುತ್ತಿದೆ. ಕೆಲಸವಿದ್ದೆಡೆಗೆ ಜನ ಬರುತ್ತಾರೆ. ಬಂದವರು ಮೊದಲು ಹುಡುಕುವುದು ತಲೆಯ ಮೇಲೊಂದು ಸೂರನ್ನು.

ಈ ಊರುಗಳಲ್ಲಿ ನಾಲ್ಕಾರು ಕೋಣೆಗಳ ವಠಾರವನ್ನೋ, ಮಹಡಿಯ ಮೇಲೊಂದು ಮನೆಯನ್ನೋ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ನಮ್ಮ ಸಮಾಜದಲ್ಲಿಯೂ ಇದ್ದಾರೆ. ನಿವೃತ್ತರಿಗೆ, ವಿಧವೆಯರಿಗೆ ಆ ಬಾಡಿಗೆಯೇ ಜೀವನಾಧಾರ. ಆದ್ದರಿಂದ ಮನೆಯ ಒಡೆಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಎರಡು ಮಾತುಗಳನ್ನು ಹೇಳದೆ ಇರಲಾರೆವು.

ಮೊದಲನೆಯದು ಮುಂಗಡದ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವ ಬೆಂಗಳೂರಿನ ರೂಢಿ ಇತ್ತಲೂ ಹಬ್ಬಿದರೆ ಬಡವರ ಗತಿಯೇನು? ಬಾಡಿಗೆ 4,000 ರೂಪಾಯಿಯಾದರೆ ಮುಂಗಡವೇ 40,000 ರೂಪಾಯಿ. ದಿನಗೂಲಿಯವನು ಅದಕ್ಕಾಗಿ ಬಡ್ಡಿಯ ಸಾಲಕ್ಕೆ ಬೀಳುತ್ತಾನೆ. ಕೇಂದ್ರ ಸರ್ಕಾರವು 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದೆನ್ನುತ್ತದೆ. ರಾಜ್ಯಗಳು ಕಾನೂನು ಮಾಡಿದಲ್ಲಿ ಮಾತ್ರ ಅದಕ್ಕೆ ಬಲ ಬರುವುದಾದರೂ, ಆ ಮಿತಿಯನ್ನು ನಾವಾಗಿಯೇ ಪಾಲಿಸಲು ಅಡ್ಡಿಯೇನಿಲ್ಲ.

ಎರಡನೆಯದು ಬಾಗಿಲಲ್ಲೇ ಕೇಳುವ ಪ್ರಶ್ನೆ: 'ನೀವು ಯಾವ ಜನ?' ಕೆಲಸವೇನು, ಮನೆಯಲ್ಲಿ ಎಷ್ಟು ಮಂದಿ, ಬಾಡಿಗೆ ಯಾವ ದಿನ ಕೊಡುವಿರಿ ಎಂದು ವಿಚಾರಿಸುವುದು ನ್ಯಾಯ. ಕುಲವನ್ನು ವಿಚಾರಿಸಿ ಬಾಗಿಲು ಮುಚ್ಚುವುದು, ಕುಲವನ್ನೆಣಿಸದೆ ಕಾಯಕವನ್ನು ಗೌರವಿಸಿದ 12ನೆಯ ಶತಮಾನದ ಶರಣರ ವಾರಸುದಾರರಿಗೆ ಒಪ್ಪುವ ನಡೆಯಲ್ಲ. ಅನುಭವ ಮಂಟಪವನ್ನು ಭಾಷಣದಲ್ಲಿ ಕೊಂಡಾಡಿ, ಮನೆಯ ಹೊಸ್ತಿಲಲ್ಲಿ ಮರೆತರೆ ಫಲವೇನು?

ಬಾಡಿಗೆದಾರರಿಗೂ ಕರ್ತವ್ಯವುಂಟು. ಹೇಳಿದ ದಿನಕ್ಕೆ ಬಾಡಿಗೆ ಸಲ್ಲಿಸಬೇಕು, ಗೋಡೆ ನೀರುಗಳನ್ನು ತಮ್ಮವೆಂದೇ ಕಾಪಾಡಬೇಕು. ಎರಡೂ ಕಡೆಯವರಿಗೆ ಕಾಗದವೇ ರಕ್ಷೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದ 11 ತಿಂಗಳ ಕರಾರು ಬಳಕೆಗೆ ಬಂದಿದೆ. ಬಾಡಿಗೆ, ಮುಂಗಡ, ವಿದ್ಯುತ್ತು ನೀರಿನ ಹಣ, ಸುಣ್ಣಬಣ್ಣದ ವೆಚ್ಚ, ಮನೆ ಬಿಡಲು ಕೊಡಬೇಕಾದ ಮುನ್ಸೂಚನೆ, ಇವೆಲ್ಲವೂ ಅದರಲ್ಲಿರಲಿ. ಕೊಟ್ಟ ಹಣಕ್ಕೆ ರಸೀದಿ ಇರಲಿ. ಬಾಯಿಮಾತಿನ ವಿಶ್ವಾಸ ಒಳ್ಳೆಯದೇ. ಆದರೆ ಜಗಳ ಬಂದ ದಿನ ಬಾಯಿಮಾತಿಗೆ ಸಾಕ್ಷಿಯಿರುವುದಿಲ್ಲ.

ಬಾಡಿಗೆ ಪಡೆಯುವುದು ತಪ್ಪಲ್ಲ. ಅದೂ ನ್ಯಾಯವಾದ ಸಂಪಾದನೆಯೇ. ಪರರ ಅಸಹಾಯಕತೆಯನ್ನು ಅಳೆದು ಬೆಲೆ ಕಟ್ಟಿದಾಗ ಮಾತ್ರ ಅದು ದೋಷವಾಗುತ್ತದೆ. ಶಿವರಾತ್ರಿಗೆ ಸಿದ್ಧಗಂಗೆಗೆ ಬಂದ ಅಪರಿಚಿತರಿಗೆ ಪ್ರಸಾದ ಬಡಿಸಿ ಸಂತೋಷಪಡುವ ಕೈಗಳು ನಮ್ಮವು. ಅದೇ ಕೈಗಳು ಖಾಲಿ ಮನೆಯ ಬೀಗವನ್ನೂ ಅಷ್ಟೇ ಪ್ರೀತಿಯಿಂದ ತೆರೆಯಲಿ.